ಹಳೆಯ ಆವೃತ್ತಿಯೋ, 2024ರದೋ? ಹಾಸನದ ನಮ್ಮ ಮೇಜಿಗೆ ಯಾವುದು ಹೊಂದುತ್ತದೆ?

ದಾಳ ಹಿಡಿದವನು (ಹಾಸನ)

ಕೆ.ಆರ್. ಪುರಂನ ಒಂದು ಮನೆಯ ಮಹಡಿಯಲ್ಲಿ ಶನಿವಾರ ಸಂಜೆ ನಾವು ಆರು ಜನ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಎಸೆಯುತ್ತ ಕತೆ ಕಟ್ಟುವ ಆಟ. ಡಿಎಂ (ಡಂಜನ್ ಮಾಸ್ಟರ್), ಅಂದರೆ ಕತೆ ನಡೆಸಿ ಎದುರಾಳಿಗಳನ್ನು ಆಡಿಸುವವನು, ನಾನೇ. ಶುರುವಿನಿಂದಲೂ 2014ರ ಐದನೆಯ ಆವೃತ್ತಿ. ಈಗ ಮೇಜಿನ ಸುತ್ತ ಮೂರು ಪಕ್ಷಗಳಾಗಿವೆ. ಇಬ್ಬರು 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ತರಿಸಿಕೊಂಡು, 384 ಪುಟವನ್ನೂ ಓದಿ, ಇನ್ನು ಹಳೆಯದನ್ನು ಮುಟ್ಟುವುದಿಲ್ಲ ಎನ್ನುತ್ತಿದ್ದಾರೆ. ಸಕಲೇಶಪುರದಿಂದ ಬರುವ ಗೆಳೆಯ 1981ರ ಬೇಸಿಕ್ ಪುಸ್ತಕದ ಪಿಡಿಎಫ್ ಕೊಂಡು ಓದಿ, ಅರವತ್ತನಾಲ್ಕೇ ಪುಟದಲ್ಲಿ ಎಲ್ಲವೂ ಇದೆ, ನೀವೆಲ್ಲ ಸುಮ್ಮನೆ ಭಾರ ಹೊರುತ್ತಿದ್ದೀರಿ ಎಂದು ಕುಟುಕುತ್ತಾನೆ. ಉಳಿದ ಇಬ್ಬರಿಗೆ ಯಾವುದಾದರೂ ಸರಿ, ಒಂಬತ್ತರೊಳಗೆ ಮುಗಿಯಬೇಕು. ಬೇಲೂರಿನ ಬಸ್ಸು ತಪ್ಪಿದರೆ ಅವರು ನಮ್ಮ ಮನೆಯಲ್ಲೇ ಉಳಿಯಬೇಕಾಗುತ್ತದೆ. ಅಮ್ಮನಿಗೆ ಅದು ಸಂತೋಷವೇ, ಅವರ ಮನೆಯವರಿಗೆ ಅಲ್ಲ.

ನನ್ನ ತೊಂದರೆ ಬೇರೆ. ಹೋದ ಶನಿವಾರ ಎರಡು ಓಗರ್ (ದೈತ್ಯರು) ಮತ್ತು ಎಂಟು ಗಾಬ್ಲಿನ್‌ಗಳ (ಕುಳ್ಳ ರಾಕ್ಷಸರು) ಜೊತೆ ಕಾಳಗ ಬಿತ್ತು. ಆರೂವರೆಗೆ ಇನಿಷಿಯೇಟಿವ್ (ಯಾರು ಮೊದಲು ಎಂಬ ದಾಳ) ಎಸೆದದ್ದು, ಕೊನೆಯ ಗಾಬ್ಲಿನ್ ಬೀಳುವಾಗ ಎಂಟೂಮುಕ್ಕಾಲು. ಬಾಗಿಲಿನ ಆಚೆ ಏನಿದೆ ಎಂದು ಯಾರೂ ನೋಡಲಿಲ್ಲ. ಒಂದು ಸಂಜೆಗೆ ಒಂದು ಕೋಣೆ ಎಂದರೆ ಈ ಕೋಟೆ ಮುಗಿಯುವಷ್ಟರಲ್ಲಿ ನಮಗೆಲ್ಲ ಮದುವೆಯಾಗಿ ಮಕ್ಕಳು ಶಾಲೆಗೆ ಸೇರಿರುತ್ತವೆ. ಎರಡನ್ನೂ ಆಡಿ ನೋಡಿದವರು ಹೇಳಿ. ಆವೃತ್ತಿ ಬದಲಿಸಿದರೆ ಇದು ಸರಿಹೋಗುತ್ತದೆಯೇ?

ಗಿರಿಯ ಮಂಜು (ಚಿಕ್ಕಮಗಳೂರು)

ಹಳೆಯದು, ಹೊಸದು ಎಂದು ಜನ ಎರಡೇ ಇರುವಂತೆ ಮಾತನಾಡುತ್ತಾರೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮೂರು ಸಣ್ಣ ಪುಸ್ತಿಕೆಗಳಲ್ಲಿ ಹೊರತಂದದ್ದು ಮೊದಲನೆಯದು. ಆಮೇಲೆ ದಾರಿ ಕವಲೊಡೆಯಿತು. ಒಂದು ಕಡೆ 1977ರಿಂದ 1979ರವರೆಗೆ ವರ್ಷಕ್ಕೊಂದು ಪುಸ್ತಕವಾಗಿ ಬಂದ ಅಡ್ವಾನ್ಸ್‌ಡ್ ಡಿ ಅಂಡ್ ಡಿ, ಇನ್ನೊಂದು ಕಡೆ ಹೊಸಬರಿಗೆಂದು ಬೇಸಿಕ್. ನಿಮ್ಮ ಗೆಳೆಯ ಓದಿರುವುದು ಟಾಮ್ ಮೋಲ್ಡ್‌ವೇ ಸಿದ್ಧಪಡಿಸಿದ ಬೇಸಿಕ್. ಅದು ಪಾತ್ರದ ಮೂರನೆಯ ಲೆವೆಲ್‌ಗೆ (ಬಡ್ತಿಯ ಮೆಟ್ಟಿಲು) ನಿಲ್ಲುತ್ತದೆ. ಮುಂದಕ್ಕೆ ಎಕ್ಸ್‌ಪರ್ಟ್ ಪುಸ್ತಕ ಬೇಕು, ಅದೂ 64 ಪುಟ. 'ಎಲ್ಲವೂ ಇದೆ' ಎನ್ನುವ ಮೊದಲು ಅದನ್ನೂ ಎಣಿಸಿಕೊಳ್ಳಲಿ.

ನಾನು ಆಡಿದ್ದು 1989ರ ಎರಡನೆಯ ಆವೃತ್ತಿ, ಹಾಸ್ಟೆಲ್‌ನಲ್ಲಿ, ಅಕ್ಷರ ಅಳಿಸಿಹೋದ ಜೆರಾಕ್ಸ್ ಪ್ರತಿಯಲ್ಲಿ. ಆಗ ಥ್ಯಾಕೋ ಎಂಬ ಲೆಕ್ಕವಿತ್ತು. ಆರ್ಮರ್ ಕ್ಲಾಸ್ (ಕವಚದ ಅಂಕ) ಸೊನ್ನೆ ಇರುವ ಎದುರಾಳಿಗೆ ಪೆಟ್ಟು ತಗುಲಲು ಇಪ್ಪತ್ತು ಮುಖದ ದಾಳದಲ್ಲಿ ಎಷ್ಟು ಬೀಳಬೇಕೋ ಅದು ನಿಮ್ಮ ಥ್ಯಾಕೋ. ನಿಮ್ಮದು 20, ಓರ್ಕ್‌ನ ಆರ್ಮರ್ ಕ್ಲಾಸ್ 6, ಕಳೆದರೆ 14. ಕವಚ ಗಟ್ಟಿಯಾದಷ್ಟೂ ಸಂಖ್ಯೆ ಇಳಿಯುತ್ತಿತ್ತು. ಇಂದಿನವರು ಇದನ್ನು ಕೇಳಿ ನಗುತ್ತಾರೆ. ನಮ್ಮ ಕೋಣೆಯಲ್ಲಿ ಗಣಿತದಲ್ಲಿ ಫೇಲಾದವನೂ ಇದನ್ನು ಬಾಯಲ್ಲೇ ಮಾಡುತ್ತಿದ್ದ, ಆದ್ದರಿಂದ ಆ ನಗು ನನಗೆ ಅಷ್ಟು ಹಿಡಿಸುವುದಿಲ್ಲ.

ನಿಮ್ಮ ಎರಡೂಕಾಲು ಗಂಟೆಯ ಕಾಳಗಕ್ಕೆ ಬರುತ್ತೇನೆ. ಬೇಸಿಕ್‌ನಲ್ಲಿ ಇನಿಷಿಯೇಟಿವ್ ಪಕ್ಷಕ್ಕೊಂದು ಡಿ6 (ಆರು ಮುಖದ ದಾಳ; 2ಡಿ6 ಎಂದರೆ ಅಂಥವು ಎರಡು). ಗೆದ್ದ ಪಕ್ಷ ಪೂರ್ತಿ ಆಡಿ ಮುಗಿಸುತ್ತದೆ, ಆಮೇಲೆ ಇನ್ನೊಂದು. ಬೋನಸ್ ಆಕ್ಷನ್ (ಅದೇ ಸರದಿಯಲ್ಲಿ ಇನ್ನೊಂದು ಸಣ್ಣ ಕೆಲಸ) ಇಲ್ಲ, ರಿಯಾಕ್ಷನ್ (ಬೇರೆಯವರ ಸರದಿಯ ನಡುವೆ ಮಾಡುವುದು) ಇಲ್ಲ, 'ತಡಿ, ನನ್ನ ಹತ್ತಿರ ಇನ್ನೊಂದು ಇದೆ' ಎಂದು ಹಾಳೆ ತಿರುವುವುದೂ ಇಲ್ಲ. ಸಮಯ ಉಳಿಯುವುದು ಅಲ್ಲಿ.

ಡಿ8 ಗಣಿತ (ಹಾಸನ)

ಥ್ಯಾಕೋ ಬಗ್ಗೆ ಒಂದು ಸಣ್ಣ ಮಾತು. 2000ದಲ್ಲಿ ಮೂರನೆಯ ಆವೃತ್ತಿ ಬಂದಾಗ ಆರ್ಮರ್ ಕ್ಲಾಸ್ ಮೇಲ್ಮುಖವಾಯಿತು. ಹಳೆಯ 6 ಎಂದರೆ ಹೊಸ 14. ಥ್ಯಾಕೋ 20 ಎಂದರೆ ದಾಳಕ್ಕೆ ಏನೂ ಕೂಡಿಸುವಂತಿಲ್ಲ. ಎರಡರಲ್ಲೂ 14 ಅಥವಾ ಹೆಚ್ಚು ಬೀಳಬೇಕು, ಎರಡರಲ್ಲೂ ಶೇ. 35. ಕಳೆಯುವುದರ ಬದಲು ಕೂಡಿಸುತ್ತೇವೆ, ಅಷ್ಟೇ. ಈ ಒಂದು ವಿಷಯಕ್ಕೆ ನಡೆದಿರುವಷ್ಟು ಜಗಳ ಬೇರೆ ಯಾವುದಕ್ಕೂ ನಡೆದಿಲ್ಲ, ನಡೆಯಬೇಕಾಗಿಯೂ ಇರಲಿಲ್ಲ.

ಟೀಚರಮ್ಮ (ಅರಸೀಕೆರೆ)

ನಾನು ರಜೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಆಡಿಸುತ್ತೇನೆ. ಮೊದಲು 2014, ಈಗ 2024. ನನ್ನ ಮತ ನೇರವಾಗಿ ಹೊಸದಕ್ಕೆ.

ಫೈಟರ್ (ಯೋಧ) ಆಡುವ ಮಗು ಮೊದಲೆಲ್ಲ 'ಕತ್ತಿಯಿಂದ ಹೊಡೆಯುತ್ತೇನೆ' ಎಂದು ಹೇಳಿ ಕಿಟಕಿ ಕಡೆ ನೋಡುತ್ತ ಕೂರುತ್ತಿತ್ತು. ಈಗ ವೆಪನ್ ಮಾಸ್ಟರಿ ಇದೆ. ಒಂದು ಆಯುಧ ಎದುರಾಳಿಯನ್ನು ಹತ್ತು ಅಡಿ ಹಿಂದಕ್ಕೆ ತಳ್ಳುತ್ತದೆ, ಇನ್ನೊಂದು ಕೆಡವುತ್ತದೆ, ಮತ್ತೊಂದು ವೇಗ ಕುಗ್ಗಿಸುತ್ತದೆ. ಮಂತ್ರವಾದಿಗಳು ಮಾತ್ರ ಮಜಾ ಮಾಡುವುದು ತಪ್ಪಿತು. ಔಷಧ ಕುಡಿಯುವುದು ಬೋನಸ್ ಆಕ್ಷನ್ ಆಗಿದೆ. ಮೊದಲು ಒಂದು ಇಡೀ ಸರದಿ ಬಿಟ್ಟುಕೊಟ್ಟು ಕುಡಿಯಬೇಕಿತ್ತು, ಯಾವ ಮಗುವೂ ಕುಡಿಯುತ್ತಿರಲಿಲ್ಲ, ಸಾಯುವಾಗ ಚೀಲದಲ್ಲಿ ಬಾಟಲಿ ಹಾಗೇ ಇರುತ್ತಿತ್ತು. ಆಯಾಸದ ನಿಯಮವೂ ಹಗುರವಾಗಿದೆ. ಮೊದಲು ಆರು ಹಂತಕ್ಕೂ ಬೇರೆ ಬೇರೆ ಪರಿಣಾಮ, ಪಟ್ಟಿ ನೋಡದೆ ಗತಿಯಿಲ್ಲ. ಈಗ ಹಂತಕ್ಕೆ ಎರಡರಂತೆ ದಾಳದಿಂದ ಕಳೆ, ಐದು ಅಡಿಯಂತೆ ನಡಿಗೆಯಿಂದ ಕಳೆ.

1981ರ ಪುಸ್ತಕದಲ್ಲಿ ಮೊದಲ ಲೆವೆಲ್ ಮ್ಯಾಜಿಕ್ ಯೂಸರ್‌ಗೆ (ಮಂತ್ರವಾದಿಗೆ) ಹಿಟ್ ಪಾಯಿಂಟ್ (ಪೆಟ್ಟು ತಡೆಯುವ ಶಕ್ತಿ) ಒಂದು ಡಿ4, ದಿನಕ್ಕೆ ಒಂದೇ ಒಂದು ಮಂತ್ರ. ಕ್ಲೆರಿಕ್‌ಗೆ ಮೊದಲ ಲೆವೆಲ್‌ನಲ್ಲಿ ಮಂತ್ರವೇ ಇಲ್ಲ! ಹದಿಮೂರು ವರ್ಷದ ಹುಡುಗಿಗೆ 'ನೀನು ದೇವರ ಸೇವಕಿ, ಆದರೆ ದೇವರು ಸದ್ಯಕ್ಕೆ ಏನನ್ನೂ ಕೊಡುವುದಿಲ್ಲ' ಎಂದು ಹೇಳಿ ನೋಡಿ.

ಪಂಜು ಮತ್ತು ಹಗ್ಗ (ಸಕಲೇಶಪುರ)

'ಸಕಲೇಶಪುರದ ಗೆಳೆಯ' ನಾನೇ. ಎಕ್ಸ್‌ಪರ್ಟ್ ಪುಸ್ತಕವನ್ನೂ ಓದಿದ್ದೇನೆ, ಮಂಜು ಸರ್. ಎರಡೂ ಸೇರಿ 128 ಪುಟ. ಆದರೂ ಭಾರ ಕಡಿಮೆಯೇ.

ಟೀಚರಮ್ಮ ಹೇಳಿದ್ದೆಲ್ಲ ನಿಜ, ಆದರೆ ಅವೆಲ್ಲವೂ ಕಾಳಗ ಶುರುವಾದ ಮೇಲಿನ ಸಂಗತಿಗಳು. ನಾನು ಕೇಳುವುದು, ಕಾಳಗ ಯಾಕೆ ಶುರುವಾಗಬೇಕು ಎಂದು. ಪುಸ್ತಕ ಯಾವುದಕ್ಕೆ ಎಕ್ಸ್‌ಪಿ (ಬಡ್ತಿಗೆ ಬೇಕಾದ ಅನುಭವದ ಅಂಕ) ಕೊಡುತ್ತದೋ ಆಟಗಾರರು ಅದನ್ನೇ ಮಾಡುತ್ತಾರೆ. ನಮ್ಮದೇ ಲೆಕ್ಕ ಹಾಕಿ. 2014ರಲ್ಲಿ ಒಂದು ಗಾಬ್ಲಿನ್‌ಗೆ 50. ಎಂಟಕ್ಕೆ 400, ಐದು ಜನಕ್ಕೆ ಹಂಚಿದರೆ ತಲೆಗೆ 80. ಎರಡನೆಯ ಲೆವೆಲ್‌ಗೆ ಬೇಕಾದದ್ದು 300. ಅಂದರೆ ಇಂಥ ನಾಲ್ಕು ಹೊಡೆದಾಟವಾದರೆ ಎಲ್ಲರಿಗೂ ಬಡ್ತಿ. 1981ರಲ್ಲಿ ಗಾಬ್ಲಿನ್‌ಗೆ 5. ಎಂಟಕ್ಕೆ 40, ತಲೆಗೆ 8. ಫೈಟರ್‌ಗೆ ಬೇಕಾದದ್ದು 2000. ಹೊಡೆದಾಟದಿಂದಲೇ ಮೇಲೇರುತ್ತೇನೆ ಎಂದರೆ ಅಂಥ 250 ಹೊಡೆದಾಟ ಬೇಕು, ಅಷ್ಟರಲ್ಲಿ ಹಲವು ಸಲ ಸತ್ತಿರುತ್ತೀರಿ. ಆದರೆ ಒಂದು ಚಿನ್ನದ ನಾಣ್ಯ ಜೀವಂತವಾಗಿ ಹೊರಗೆ ತಂದರೆ ಒಂದು ಎಕ್ಸ್‌ಪಿ. ಗಾಬ್ಲಿನ್‌ಗಳು ಮಲಗಿರುವಾಗ ಐನೂರು ನಾಣ್ಯದ ಪೆಟ್ಟಿಗೆ ಎತ್ತಿಕೊಂಡು ಬಂದರೆ ತಲೆಗೆ ನೂರು, ಒಂದು ಗೀರೂ ಇಲ್ಲದೆ.

ಇದು ತಲೆಗೆ ಹತ್ತಿದ ಕ್ಷಣ ಆಟಗಾರನ ಪ್ರಶ್ನೆ ಬದಲಾಗುತ್ತದೆ. 'ಅದರ ಆರ್ಮರ್ ಕ್ಲಾಸ್ ಎಷ್ಟು' ಎನ್ನುವುದು ಹೋಗಿ 'ಅವು ಯಾವಾಗ ಊಟ ಮಾಡುತ್ತವೆ' ಎಂಬುದು ಬರುತ್ತದೆ.

ಮಂಜರಾಬಾದ್ ಕೋಟೆಯ ಮಾದರಿಯಲ್ಲಿ ಒಂದು ನಕ್ಷೆ ಬರೆದಿದ್ದೇನೆ. 1792ರಲ್ಲಿ ಟಿಪ್ಪು ಕಟ್ಟಿಸಿದ ಆ ಎಂಟು ಮೂಲೆಯ ನಕ್ಷತ್ರ, ನಡುವೆ ಮೆಟ್ಟಿಲಿಳಿದು ಹೋಗುವ ಕೊಳ. ಕೊಳದ ಕೆಳಗಿನ ಸುರಂಗ ಮಾತ್ರ ನನ್ನ ಕಲ್ಪನೆ, ಹುಡುಕಿಕೊಂಡು ಯಾರೂ ಇಳಿಯಬೇಡಿ. ಮೂಲೆಗೊಂದು ಗುಂಪು ಕೂತಿದೆ. ಎಲ್ಲರ ಜೊತೆ ಹೊಡೆದಾಡಿ ಉಳಿಯುವಂತಿಲ್ಲ, ಹಾಗೆಂದೇ ಬರೆದದ್ದು.

ಡಿ8 ಗಣಿತ (ಹಾಸನ)

ಆವೃತ್ತಿಗಳ ಮನೋಧರ್ಮ ನೋಡಬೇಕಿದ್ದರೆ ಒಂದೇ ಮಂತ್ರ ಸಾಕು. ಸ್ಲೀಪ್. ಎಲ್ಲದರಲ್ಲೂ ಅದು ಮೊದಲ ಲೆವೆಲ್‌ಗೇ ಸಿಗುತ್ತದೆ, ಗಾಬ್ಲಿನ್‌ಗಳ ಮೇಲೇ ಪ್ರಯೋಗಿಸೋಣ.

1981: 2ಡಿ8 ಹಿಟ್ ಡೈಸ್‌ನಷ್ಟು (ಜೀವಿಯ ಬಲದ ಅಳತೆ, ಗಾಬ್ಲಿನ್‌ಗೆ ಒಂದೆಂದು ಲೆಕ್ಕ) ಜೀವಿಗಳು ಮಲಗುತ್ತವೆ, ಸೇವಿಂಗ್ ಥ್ರೋ (ತಪ್ಪಿಸಿಕೊಳ್ಳುವ ದಾಳ, ಚುಟುಕಾಗಿ ಸೇವ್) ಇಲ್ಲ. ಸರಾಸರಿ ಒಂಬತ್ತು ಗಾಬ್ಲಿನ್. ಹೋದ ವಾರದ ಎಂಟೂ ಒಂದೇ ಉಸಿರಿಗೆ. ಆಮೇಲೆ ಆ ಮ್ಯಾಜಿಕ್ ಯೂಸರ್ ಮರುದಿನದವರೆಗೆ ಕಠಾರಿ ಹಿಡಿದ ಬಡಪಾಯಿ.

2003ರ 3.5 (ಮೂರನೆಯದರ ಪರಿಷ್ಕರಣೆ): ನಾಲ್ಕು ಹಿಟ್ ಡೈಸ್‌ನಷ್ಟು, ಅದರ ಮೇಲೆ ವಿಲ್ (ಮನೋಬಲ) ಸೇವ್ ಕೂಡ.

2008ರ ನಾಲ್ಕನೆಯದು: ಮೊದಲು ನಿಧಾನವಾಗುತ್ತಾರೆ, ಸೇವ್ ತಪ್ಪಿದರೆ ಮಲಗುತ್ತಾರೆ. ದಿನಕ್ಕೊಮ್ಮೆ.

2014: 5ಡಿ8 ಹಿಟ್ ಪಾಯಿಂಟ್‌ನಷ್ಟು, ಸೇವ್ ಇಲ್ಲ. ಸರಾಸರಿ 22, ಗಾಬ್ಲಿನ್‌ಗೆ 7, ಹಾಗಾಗಿ ಮೂರು ಮಲಗಿದವು.

2024: ಐದು ಅಡಿ ತ್ರಿಜ್ಯದೊಳಗೆ ನೀವು ಆರಿಸಿದವರಿಗೆಲ್ಲ ವಿಸ್ಡಂ (ವಿವೇಕ) ಸೇವ್. ತಪ್ಪಿದರೆ ತಬ್ಬಿಬ್ಬು, ಅವರ ಮುಂದಿನ ಸರದಿಯ ಕೊನೆಯಲ್ಲಿ ಇನ್ನೊಂದು ಸೇವ್, ಅದೂ ತಪ್ಪಿದರೆ ನಿದ್ರೆ. ನಿಮ್ಮ ಏಕಾಗ್ರತೆ ಮುರಿದರೆ ಎಲ್ಲರೂ ಎದ್ದು ಕೂರುತ್ತಾರೆ.

ಇಂಟೆಲಿಜೆನ್ಸ್ (ಬುದ್ಧಿ) 16ರ ವಿಝರ್ಡ್ (ಮಂತ್ರವಾದಿ) ಹಾಕಿದ ಮಂತ್ರಕ್ಕೆ ಸೇವ್ ಗುರಿ 13. ವಿಸ್ಡಂ 8ರ ಗಾಬ್ಲಿನ್ ತಪ್ಪುವ ಸಂಭವ ಶೇ. 65, ಎರಡು ಸಲ ತಪ್ಪುವುದು ಶೇ. 42. ತಮಾಷೆ ನೋಡಿ. 1981ರಲ್ಲಿ ಗಾಬ್ಲಿನ್‌ನ ಮೊರೇಲ್ (ಧೈರ್ಯದ ಅಂಕ) 7. ಗುಂಪಿನಲ್ಲಿ ಮೊದಲನೆಯದು ಸತ್ತಾಗ 2ಡಿ6 ಎಸೆದು 7ಕ್ಕಿಂತ ಹೆಚ್ಚು ಬಿದ್ದರೆ ಗುಂಪು ಕಾಲಿಗೆ ಬುದ್ಧಿ ಹೇಳುತ್ತದೆ. 36ರಲ್ಲಿ 15, ಅದೂ ಶೇ. 42. ಹೊಸ ಆವೃತ್ತಿಯಲ್ಲಿ ಮಂತ್ರ ಹಾಕಿ ಒಂದು ಗಾಬ್ಲಿನ್ ಮಲಗಿಸಲು ಎಷ್ಟು ಅದೃಷ್ಟ ಬೇಕೋ, ಹಳೆಯದರಲ್ಲಿ ಒಂದನ್ನು ಕೊಂದು ಉಳಿದವನ್ನೆಲ್ಲ ಓಡಿಸಲು ಅಷ್ಟೇ ಸಾಕು.

ನಿಮ್ಮ ಎರಡೂಕಾಲು ಗಂಟೆಗೆ ಕಾರಣ ಇಲ್ಲೇ ಇದೆ, ದಾಳ ಹಿಡಿದವರೇ. ನಿಮ್ಮ ಗಾಬ್ಲಿನ್‌ಗಳಿಗೆ ಓಡಲು ಬರುವುದಿಲ್ಲ.

ನಾಲ್ಕರ ಕಟ್ಟಾಳು (ಆಲೂರು)

ಮಿನಿಯನ್ (ಸಣ್ಣಪುಟ್ಟ ಎದುರಾಳಿ). 2008. ಒಂದೇ ಹಿಟ್ ಪಾಯಿಂಟ್. ಪೆಟ್ಟು ತಗುಲಿತೋ, ಸತ್ತಿತು. ಎಂಟು ಗಾಬ್ಲಿನ್‌ಗಳ ಲೆಕ್ಕ ಬರೆದುಕೊಳ್ಳುವ ಕೆಲಸವೇ ಇಲ್ಲ. ನಾಲ್ಕನೆಯ ಆವೃತ್ತಿಯನ್ನು ವಿಡಿಯೋ ಗೇಮ್ ಎಂದು ಹಂಗಿಸಿದವರೇ ಈಗ 2024ರಲ್ಲಿ 'ಬ್ಲಡೀಡ್' (ಅರ್ಧ ಹಿಟ್ ಪಾಯಿಂಟ್ ಕಳೆದ ಸ್ಥಿತಿ) ಮರಳಿ ಬಂದದ್ದನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದಾರೆ. ಟೀಚರಮ್ಮ ಮೆಚ್ಚಿಕೊಂಡ ತಳ್ಳುವ, ಕೆಡವುವ ಫೈಟರ್ ಕೂಡ ನಮ್ಮಲ್ಲಿ ಅಂದೇ ಇದ್ದ. ಇನ್ನು ನಾನು ಮಾತನಾಡುವುದಿಲ್ಲ.

ಹಳೇಬೀಡಿನ ಓರ್ಕ್

3.5 ಬಗ್ಗೆ ಒಂದು ಸಾಲು ಬರೆದು ಎಲ್ಲರೂ ಮುಂದೆ ಹೋದಿರಲ್ಲ! ನಾನು ಅದರಲ್ಲಿ ಬೆಳೆದವನು. ಬೇಕೆಂದಂತೆ ಪಾತ್ರ ಕಟ್ಟಬಹುದಿತ್ತು, ಪುಸ್ತಕದ ಮೇಲೆ ಪುಸ್ತಕ ಬರುತ್ತಿತ್ತು, ಅದು ಮುಗಿದಾಗ 2009ರ ಪಾತ್‌ಫೈಂಡರ್ ಎಂಬ ಆಟ ಅದನ್ನೇ ಮುಂದುವರಿಸಿತು.

ಆದರೆ ಒಪ್ಪುತ್ತೇನೆ, ಒಬ್ಬನನ್ನು ಹಿಡಿದುಕೊಳ್ಳುವುದು ಜಮೀನು ಪಾಲು ಮಾಡಿಕೊಂಡಷ್ಟು ತೊಡಕಿನದಾಗಿತ್ತು. ನೀವು ಕೈಹಾಕಿದ ಕೂಡಲೇ ಅವನಿಗೆ ನಿಮ್ಮ ಮೇಲೆ ಒಂದು ಬಿಟ್ಟಿ ಹೊಡೆತ. ಅದು ತಗುಲದಿದ್ದರೆ ನೀವು ಮುಟ್ಟುವ ದಾಳ ಎಸೆಯಬೇಕು. ಮುಟ್ಟಿದರೆ ಇಬ್ಬರೂ ಎದುರುಬದುರು ದಾಳ, ಅದರಲ್ಲಿ ಗಾತ್ರದ ವ್ಯತ್ಯಾಸಕ್ಕೆ ನಾಲ್ಕು ನಾಲ್ಕು ಕೂಡಿಸಿ ಕಳೆಯಿರಿ. ಇಷ್ಟಾದ ಮೇಲೆ ಹಿಡಿದಿರಿ ಎಂದಾಗುತ್ತಿತ್ತು. 2024ರಲ್ಲಿ ಅವನು ಒಂದು ಸೇವ್ ಎಸೆಯುತ್ತಾನೆ, ಮುಗಿಯಿತು. ಈ ಒಂದು ವಿಷಯದಲ್ಲಿ ಹೊಸಬರು ಗೆದ್ದಿದ್ದಾರೆ.

ಅಂದ ಹಾಗೆ 2024ರಲ್ಲಿ ಓರ್ಕ್ ಆಟಗಾರರ ಪುಸ್ತಕಕ್ಕೇ ಬಂದಿದ್ದಾನೆ, ಹಾಫ್ ಎಲ್ಫ್ ಮತ್ತು ಹಾಫ್ ಓರ್ಕ್ ಇಬ್ಬರೂ ಹೋಗಿದ್ದಾರೆ. ನನ್ನ ಹೆಸರಿಗೆ ಇದರಿಂದ ಮರ್ಯಾದೆ ಬಂತೆಂದು ಭಾವಿಸುತ್ತೇನೆ.

ಟೀಚರಮ್ಮ (ಅರಸೀಕೆರೆ)

ಪಂಜು ಅವರ ಎಕ್ಸ್‌ಪಿ ವಾದ ನನಗೆ ಹಿಡಿಸಿತು. ಆದರೆ ಅದೇ ಪುಸ್ತಕದಲ್ಲಿ ಪೆಟ್ಟಿಗೆಯ ಬಲೆಯನ್ನು ಹುಡುಕಬೇಕಾದ ಮೊದಲ ಲೆವೆಲ್ ಕಳ್ಳನಿಗೆ ಸಿಗುವ ಅವಕಾಶ ಶೇ. 10. ಬೀಗ ತೆಗೆಯಲು 15. ಸದ್ದಿಲ್ಲದೆ ನಡೆಯಲು 20. ಕಳ್ಳತನವೇ ವೃತ್ತಿಯಾದವನಿಗೆ ಹತ್ತರಲ್ಲಿ ಒಂದು ಸಲ! ಪೆಟ್ಟಿಗೆಯಲ್ಲಿ ವಿಷದ ಸೂಜಿ ಇದ್ದರೆ ಸೇವ್‌ಗೆ 13 ಬೇಕು, ತಪ್ಪಿದರೆ ಸಾವು. ಇದನ್ನು ಜಾಣತನದ ಆಟ ಎಂದು ಕರೆಯುವುದಾದರೆ ಲಾಟರಿಯೂ ಜಾಣತನವೇ.

ಹೊಸದರಲ್ಲಿ ಸೊನ್ನೆಗೆ ಇಳಿದವರು ಡೆತ್ ಸೇವ್ ಎಸೆಯುತ್ತಾರೆ. ಹತ್ತು ಅಥವಾ ಹೆಚ್ಚು ಮೂರು ಸಲ ಬಿದ್ದರೆ ಉಳಿದರು, ಕಡಿಮೆ ಮೂರು ಸಲ ಬಿದ್ದರೆ ಹೋದರು. ಯಾರೂ ನೆರವಿಗೆ ಬಾರದಿದ್ದರೂ ಸುಮಾರು ಶೇ. 60 ಉಳಿಯುತ್ತಾರೆ. ಆ ಮೂರು ದಾಳಗಳ ಹೊತ್ತಿಗೆ ನನ್ನ ಮಕ್ಕಳು ಕುರ್ಚಿ ಬಿಟ್ಟು ಎದ್ದು ನಿಂತಿರುತ್ತಾರೆ. 'ಸೊನ್ನೆ ಆಯಿತು, ಸತ್ತೆ' ಎಂಬುದರಲ್ಲಿ ಆ ಗಳಿಗೆ ಎಲ್ಲಿದೆ?

ಪಂಜು ಮತ್ತು ಹಗ್ಗ (ಸಕಲೇಶಪುರ)

ಮೇಡಂ, ಶೇ. 10 ಎಂಬುದು ಬೇರೇನೂ ತೋಚದಿದ್ದಾಗಿನ ಕೊನೆಯ ಉಪಾಯ. ಪೆಟ್ಟಿಗೆಯ ಮುಂದೆ ಯಾಕೆ ನಿಲ್ಲಬೇಕು? ಹಿಂದಿನಿಂದ ಕೋಲು ಹಾಕಿ ಮುಚ್ಚಳ ಎತ್ತುತ್ತೇನೆ ಎಂದು ಹೇಳಿ. ಕೀಲಿನ ಕಡೆಯಿಂದ ಒಡೆಯುತ್ತೇನೆ ಎಂದು ಹೇಳಿ. ಬೀಗದ ತೂತಿಗೆ ಮೇಣ ತುಂಬುತ್ತೇನೆ ಎಂದು ಹೇಳಿ. ಇವಕ್ಕೆಲ್ಲ ದಾಳ ಬೇಡ, ಡಿಎಂ ತಲೆದೂಗಿದರೆ ಆಯಿತು.

ಕತ್ತಲೆಯ ವಿಷಯವನ್ನೂ ಯಾರೂ ಎತ್ತಲಿಲ್ಲ. ಹಳೆಯದರಲ್ಲಿ ಪಂಜು ಆರು ಟರ್ನ್ ಉರಿಯುತ್ತದೆ, ಟರ್ನ್ ಎಂದರೆ ಹತ್ತು ನಿಮಿಷ. ಎರಡು ಟರ್ನ್‌ಗೊಮ್ಮೆ ಡಿಎಂ ಡಿ6 ಎಸೆಯುತ್ತಾನೆ, ಒಂದು ಬಿದ್ದರೆ ಯಾವುದೋ ಅಲೆಮಾರಿ ಪ್ರಾಣಿ ಎದುರಾಗುತ್ತದೆ. ಗೋಡೆ ತಟ್ಟುತ್ತ ನಿಂತರೆ ಪಂಜು ಸವೆಯುತ್ತದೆ, ದಾಳವೂ ಬೀಳುತ್ತದೆ. 2024ರ ಹತ್ತು ಜನಾಂಗಗಳಲ್ಲಿ ಏಳಕ್ಕೆ ಕತ್ತಲೆಯಲ್ಲಿ ಕಣ್ಣು ಕಾಣುತ್ತದೆ. ಹಾಫ್ಲಿಂಗ್, ಗೋಲಿಯಾತ್, ಮನುಷ್ಯ ಈ ಮೂವರಿಗೆ ಮಾತ್ರ ಕತ್ತಲೆ ಕತ್ತಲೆಯೇ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿ ಕಳೆದವರಿಗೆ ಕತ್ತಲೆ ಎಂದರೇನೆಂದು ನಾನು ಹೇಳಬೇಕಿಲ್ಲ. ಅದನ್ನು ಆಟದಿಂದ ತೆಗೆದುಹಾಕಿದರೆ ನೆಲಮಾಳಿಗೆ ಬರಿಯ ಮನೆಯಾಗುತ್ತದೆ.

ಗಿರಿಯ ಮಂಜು (ಚಿಕ್ಕಮಗಳೂರು)

'ಡಿಎಂ ತಲೆದೂಗಿದರೆ ಆಯಿತು' ಎಂಬಲ್ಲೇ ಎಲ್ಲವೂ ಇದೆ, ಪಂಜು. ನಮ್ಮ ಹಾಸ್ಟೆಲ್ ಡಿಎಂ ತಲೆದೂಗುತ್ತಿದ್ದದ್ದು ಯಾರು ಅವನಿಗೆ ಸಿಗರೇಟು ತಂದುಕೊಟ್ಟಿದ್ದರೋ ಅವರಿಗೆ. ಬರೆದಿಟ್ಟ ನಿಯಮ ಹೆಚ್ಚಾದದ್ದು ಸುಮ್ಮನೆ ಅಲ್ಲ. ಒಳ್ಳೆಯ ಡಿಎಂ ಸಿಗದವರಿಗೂ ಆಟ ಸಿಗಲಿ ಎಂದು. ಒಳ್ಳೆಯವನು ಸಿಕ್ಕಿದವರಿಗೆ ಅದು ಹೊರೆಯಂತೆ ಕಾಣುತ್ತದೆ.

ನನಗೆ ಈಗಲೂ ಎರಡನೆಯ ಆವೃತ್ತಿಯೇ ಪ್ರೀತಿ, ಕಾರಣ ಕೇಳಬೇಡಿ. ಅದರ ಅರ್ಧ ನಿಯಮಗಳನ್ನು ನಾವು ಓದಿಯೇ ಇರಲಿಲ್ಲ.

ದಾಳ ಹಿಡಿದವನು (ಹಾಸನ)

ಎಲ್ಲರಿಗೂ ವಂದನೆ. ಹಾಗಾದರೆ 2014ರ ನಿಯಮವನ್ನೇ ಇಟ್ಟುಕೊಂಡು ಚಿನ್ನಕ್ಕೆ ಎಕ್ಸ್‌ಪಿ ಮತ್ತು ಮೊರೇಲ್ ಎರಡನ್ನೂ ಹಳೆಯದರಿಂದ ತಂದರೆ ಹೇಗೆ?

ಡಿ8 ಗಣಿತ (ಹಾಸನ)

ಮೊರೇಲ್ ತರಬೇಕಾಗಿಯೇ ಇಲ್ಲ, ನಿಮ್ಮ ಕಪಾಟಿನಲ್ಲಿದೆ. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನ ಐಚ್ಛಿಕ ನಿಯಮಗಳನ್ನು ತೆಗೆದು ನೋಡಿ. ಗುರಿ 10ರ ವಿಸ್ಡಂ ಸೇವ್, ತಪ್ಪಿದರೆ ಓಟ. ವಿಸ್ಡಂ 8ರ ಗಾಬ್ಲಿನ್ ಅರ್ಧಕ್ಕರ್ಧ ಓಡುತ್ತದೆ. ಮೂಲೆಯಲ್ಲಿ ಸಣ್ಣದಾಗಿ ಅಚ್ಚಾಗಿರುವುದರಿಂದ ಯಾರೂ ಬಳಸುವುದಿಲ್ಲ.

ಚಿನ್ನ ಮಾತ್ರ ಎಚ್ಚರಿಕೆಯಿಂದ. ಹಳೆಯದರಲ್ಲಿ 2000, 4000 ಎಂದು ಏರುವ ಮೆಟ್ಟಿಲಿಗೆ ತಕ್ಕಂತೆ ನಿಧಿ ಇಟ್ಟಿರುತ್ತಾರೆ. ಐದನೆಯದರಲ್ಲಿ ಮೆಟ್ಟಿಲು 300, 900. ಅದೇ ಐನೂರು ನಾಣ್ಯದ ಪೆಟ್ಟಿಗೆ ಐದು ಜನಕ್ಕೆ ಸಿಕ್ಕಿದರೆ ತಲೆಗೆ ನೂರು, ಮೂರು ಪೆಟ್ಟಿಗೆಗೆ ಬಡ್ತಿ. ನಿಧಿಯನ್ನು ಕಡಿಮೆ ಮಾಡಿ, ಇಲ್ಲವೇ ನಾಣ್ಯದ ಹತ್ತರಲ್ಲೊಂದು ಭಾಗಕ್ಕೆ ಮಾತ್ರ ಎಕ್ಸ್‌ಪಿ ಕೊಡಿ.

ಇನ್ನೊಂದು ಜೋಡಣೆ ನೆನಪಿರಲಿ. ಹಳೆಯದರಲ್ಲಿ ಇಡೀ ದಿನ ಮಲಗಿದರೆ ಡಿ3 ಹಿಟ್ ಪಾಯಿಂಟ್ ಮರಳುತ್ತದೆ. ಐದನೆಯದರಲ್ಲಿ ಎಂಟು ಗಂಟೆ ಮಲಗಿದರೆ ಪೂರ್ತಿ. ಬೆಳಗಾದರೆ ಹೊಸ ಮನುಷ್ಯರಾಗುವವರು ಗಾಬ್ಲಿನ್‌ಗೆ ಯಾಕೆ ಹೆದರುತ್ತಾರೆ? ಅದೇ ಗೈಡ್‌ನಲ್ಲಿ 'ಗ್ರಿಟಿ ರಿಯಲಿಸಂ' ಎಂಬ ಇನ್ನೊಂದು ಐಚ್ಛಿಕ ನಿಯಮವಿದೆ. ಶಾರ್ಟ್ ರೆಸ್ಟ್ (ಸಣ್ಣ ವಿಶ್ರಾಂತಿ) ಎಂಟು ಗಂಟೆ, ಲಾಂಗ್ ರೆಸ್ಟ್ (ಪೂರ್ತಿ ಗುಣವಾಗುವ ವಿಶ್ರಾಂತಿ) ಏಳು ದಿನ. ಚಿನ್ನ, ಮೊರೇಲ್, ಗಾಯ ನಿಧಾನವಾಗಿ ವಾಸಿಯಾಗುವುದು ಈ ಮೂರೂ ಒಟ್ಟಿಗಿದ್ದರೆ ಕೆಲಸ ಮಾಡುತ್ತವೆ. ಒಂದನ್ನೇ ತಂದರೆ ಸೊಟ್ಟಗಾಗುತ್ತದೆ.

ಕಾಫಿ ಹೂವು (ಮೂಡಿಗೆರೆ)

ಕ್ಷಮಿಸಿ, ನಾನು ಇನ್ನೂ ಆಡಿಯೇ ಇಲ್ಲ. ಇಷ್ಟೆಲ್ಲ ಓದಿದ ಮೇಲೆ ಯಾವ ಪುಸ್ತಕ ಕೊಳ್ಳಬೇಕೆಂದು ಮೊದಲಿಗಿಂತ ಹೆಚ್ಚು ಗೊಂದಲವಾಗಿದೆ. ನನಗೂ ತಂಗಿಗೂ ಕನ್ನಡದಲ್ಲೇ ಆಡುವ ಆಸೆ. ಪುಸ್ತಕದ ಬೆಲೆ ನೋಡಿದರೆ ಕೈ ಹಿಂದೆ ಬರುತ್ತದೆ.

*(ಇಲ್ಲಿದ್ದ ಒಂದು ಪ್ರತಿಕ್ರಿಯೆಯನ್ನು ತೆಗೆಯಲಾಗಿದೆ. ಕದ್ದ ಸ್ಕ್ಯಾನ್ ಪ್ರತಿಗಳ ಕೊಂಡಿ ಹಾಕಬೇಡಿ. ಉಚಿತವಾಗಿ, ನ್ಯಾಯವಾಗಿ ಸಿಗುವುದೇ ಬೇಕಾದಷ್ಟಿದೆ. ನಿರ್ವಾಹಕ)*

ಟೀಚರಮ್ಮ (ಅರಸೀಕೆರೆ)

ಏನನ್ನೂ ಕೊಳ್ಳಬೇಡಿ, ಪುಟ್ಟಿ. ನಿಯಮಗಳ ತಿರುಳಿಗೆ ಎಸ್‌ಆರ್‌ಡಿ ಎನ್ನುತ್ತಾರೆ, ಅದು ಉಚಿತ. 2023ರ ಜನವರಿಯಲ್ಲಿ, ಅದನ್ನು ಬೇರೆಯವರು ಬಳಸುವ ಪರವಾನಗಿ ಬದಲಿಸಲು ಹೊರಟ ಕರಡು ಹೊರಬಿದ್ದು ದೊಡ್ಡ ಗಲಾಟೆಯಾಯಿತು. ಆಟಗಾರರು, ಸಣ್ಣ ಪ್ರಕಾಶಕರು ಎಲ್ಲರೂ ತಿರುಗಿಬಿದ್ದರು. ಆ ತಿಂಗಳು ಮುಗಿಯುವುದರೊಳಗೆ ಆಟದ ಪ್ರಕಾಶಕರಾದ ವಿಝರ್ಡ್ಸ್ ಕಂಪನಿಯವರು 2014ರ ನಿಯಮಗಳ ಎಸ್‌ಆರ್‌ಡಿ 5.1 ಅನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಪ್ಪಿಸಿದರು. 2025ರಲ್ಲಿ 2024ರ ನಿಯಮಗಳ 5.2 ಕೂಡ ಹಾಗೇ ಬಂತು. ಮೂಲದ ಹೆಸರು ಹಾಕಿದರೆ ಸಾಕು. ಬಳಸಬಹುದು, ಬದಲಿಸಬಹುದು, ಕನ್ನಡಕ್ಕೆ ತಂದು ಹಂಚಲೂಬಹುದು. ಬಿಹೋಲ್ಡರ್, ಮೈಂಡ್ ಫ್ಲೇಯರ್ ಅಂಥ ಕೆಲವು ಪ್ರಾಣಿಗಳ ವಿವರ ಅದರಲ್ಲಿರುವುದಿಲ್ಲ. ಅವಿಲ್ಲದೆ ನಿಮಗೇನೂ ನಷ್ಟವಿಲ್ಲ.

ನಾನು ಮಾಡಿದ ಕನ್ನಡದ ಪಾತ್ರದ ಹಾಳೆ ಇದೆ. ಮೇಲೆ ಬಲ, ಚುರುಕು, ಗಟ್ಟಿತನ, ಬುದ್ಧಿ, ವಿವೇಕ, ವರ್ಚಸ್ಸು. ಅಡಿಯಲ್ಲಿ ಎಸ್‌ಆರ್‌ಡಿಯ ಹೆಸರಿನ ಸಾಲು. ಮಕ್ಕಳು ಚೀಲದ ಸಾಮಾನು ಬರೆಯುವ ಜಾಗ ಸಾಲದು ಎಂದು ದೂರುತ್ತಾರೆ, ಹಿಂಬದಿ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಕಳುಹಿಸುತ್ತೇನೆ.

ಪಂಜು ಮತ್ತು ಹಗ್ಗ (ಸಕಲೇಶಪುರ)

ಹಳೆಯದರ ರುಚಿ ಬೇಕಾದರೆ ಓಲ್ಡ್ ಸ್ಕೂಲ್ ಎಸೆನ್ಶಿಯಲ್ಸ್‌ನ ಮೂಲ ನಿಯಮಗಳು ಉಚಿತವಾಗಿವೆ. 1981ರದನ್ನೇ ಅಚ್ಚುಕಟ್ಟಾಗಿ ಜೋಡಿಸಿದ್ದು. ಇಬ್ಬರೇ ಆಡುವುದಾದರೆ ಮಾತ್ರ ಹಳೆಯದು ಕಷ್ಟ. ತಂಗಿ ಒಬ್ಬಳೇ ಇಳಿದರೆ ಮೊದಲ ಕೋಣೆಯಲ್ಲೇ ಮುಗಿಯುತ್ತದೆ. ಅವಳಿಗೆ ಇಬ್ಬರು ಕೂಲಿ ಆಳುಗಳನ್ನು ಕೊಡಿ, ಪುಸ್ತಕದಲ್ಲೂ ಅದಕ್ಕೆ ನಿಯಮವಿದೆ.

ದಾಳ ಹಿಡಿದವನು (ಹಾಸನ)

ಪಂಜುವಿನ ನಕ್ಷತ್ರ ಕೋಟೆಯಲ್ಲಿ, 1981ರ ನಿಯಮದಲ್ಲಿ, ಒಂದು ಶನಿವಾರ ಆಡಿದೆವು.

ಪಾತ್ರ ಮಾಡಲು ಹೊತ್ತೇ ಹಿಡಿಯಲಿಲ್ಲ. ಆರೂವರೆಯ ಹೊತ್ತಿಗೆ ಒಳಗಿದ್ದರು. ಮೊದಲ ಮೂಲೆಯಲ್ಲೇ ಗಾಬ್ಲಿನ್‌ಗಳು. ರೂಢಿಯಂತೆ ಎಲ್ಲರೂ ಕತ್ತಿ ಎಳೆದರು, ನಾನು ರಿಯಾಕ್ಷನ್ ದಾಳ (ಎದುರಾದವರ ಮನಸ್ಸು ಹೇಗಿದೆ ಎಂದು ನೋಡುವುದು) ಎಸೆದೆ. 2ಡಿ6ರಲ್ಲಿ 9 ಬಿತ್ತು. ಪುಸ್ತಕದ ಪ್ರಕಾರ ಎರಡು ಬಿದ್ದರೆ ಮೇಲೆ ಬೀಳುತ್ತವೆ, ಒಂಬತ್ತರಿಂದ ಹನ್ನೊಂದಾದರೆ ದಾಳಿ ಇಲ್ಲ, ಮಾತು ಕೇಳುತ್ತವೆ. ಒಂದು ನಿಮಿಷ ಮೇಜಿನಲ್ಲಿ ಯಾರಿಗೂ ಏನು ಮಾಡುವುದೆಂದು ತಿಳಿಯಲಿಲ್ಲ. ಆಮೇಲೆ ಬೇಲೂರಿನವರೊಬ್ಬರು ಚೀಲದಿಂದ ಉಪ್ಪು ಮತ್ತು ಒಣಮೀನು ತೆಗೆದು ನೆಲದ ಮೇಲಿಟ್ಟರು. ಗಾಬ್ಲಿನ್‌ಗಳು ಕೊಳದ ಕೆಳಗಿನ ದಾರಿ ಹೇಳಿಕೊಟ್ಟವು, ಅಲ್ಲಿ ಏನಿದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಎಂಟೂವರೆಯ ಹೊತ್ತಿಗೆ ನಕ್ಷೆಯ ಅರ್ಧ ತುಂಬಿತ್ತು, ಕತ್ತಿ ಹೊರಬಂದದ್ದು ಒಮ್ಮೆ ಮಾತ್ರ.

2024ರ ಪಕ್ಷದ ಒಬ್ಬ ಮುಖ ಊದಿಸಿಕೊಂಡಿದ್ದಾನೆ. ಅವನು ಮ್ಯಾಜಿಕ್ ಯೂಸರ್. ಆ ಒಂದು ಕಾಳಗದಲ್ಲಿ ಸ್ಲೀಪ್ ಹಾಕಿ ಹೀರೋ ಆದ, ಆಮೇಲೆ ಉಳಿದ ಸಂಜೆ ಪಂಜು ಹಿಡಿಯುವುದೇ ಅವನ ಕೆಲಸವಾಯಿತು. ಅವನ ಬೇಸರ ನ್ಯಾಯವಾದದ್ದೇ. ಪೆಟ್ಟಿಗೆ ಒಡೆಯಲು ಹೋಗಿ ನಮ್ಮ ಕಳ್ಳಿ ಸತ್ತಳು, ಟೀಚರಮ್ಮ ಹೇಳಿದ ಅದೇ ಸೂಜಿ.

ಸದ್ಯಕ್ಕೆ ನಮ್ಮ ನಿರ್ಧಾರ ಹೀಗಿದೆ. ದೊಡ್ಡ ಕತೆ 2014ರಲ್ಲೇ ಮುಂದುವರಿಯುತ್ತದೆ, ಗಾಬ್ಲಿನ್‌ಗಳಿಗೆ ಮೊರೇಲ್ ಇರುತ್ತದೆ, ಸಣ್ಣಪುಟ್ಟವಕ್ಕೆಲ್ಲ ಕಟ್ಟಾಳು ಹೇಳಿದ ಒಂದೇ ಹಿಟ್ ಪಾಯಿಂಟ್. ಔಷಧ ಕುಡಿಯುವುದನ್ನು 2024ರಿಂದ ತೆಗೆದುಕೊಂಡಿದ್ದೇವೆ, ಅದಕ್ಕೆ ಯಾರದೂ ತಕರಾರಿಲ್ಲ. ಯಾರಾದರೂ ಗೈರುಹಾಜರಾದ ಶನಿವಾರ ನಕ್ಷತ್ರ ಕೋಟೆ.

ಬೇಲೂರು ಬಸ್ಸು

ಸತ್ತ ಕಳ್ಳಿ ನಾನೇ. ಒಣಮೀನು ಇಟ್ಟವಳೂ ನಾನೇ, ಅದನ್ನು ಹೆಸರು ಹಾಕಿ ಬರೆಯಬಹುದಿತ್ತು. ಮುಂದಿನ ಸಲಕ್ಕೆ ಹೊಸ ಪಾತ್ರ ಎಸೆದಿದ್ದೇನೆ, ಪುಸ್ತಕ ಹೇಳಿದಂತೆ 3ಡಿ6, ಸಾಲಾಗಿ. ಬಲ 6, ಬುದ್ಧಿ 13, ವಿವೇಕ 9, ಚುರುಕು 8, ಗಟ್ಟಿತನ 10, ವರ್ಚಸ್ಸು 12. ಇದರಲ್ಲಿ ಏನಾಗಬಹುದು? ಎಲ್ಫ್ ಆಗಲು ಬಿಡುತ್ತಾರೆಯೇ?

ಡಿ8 ಗಣಿತ (ಹಾಸನ)

ಆಗಬಹುದು. ಎಲ್ಫ್‌ಗೆ ಬುದ್ಧಿ 9 ಇದ್ದರೆ ಸಾಕು. ಈ ಪುಸ್ತಕದಲ್ಲಿ ಎಲ್ಫ್ ಎಂಬುದೇ ಒಂದು ಕ್ಲಾಸ್ (ಪಾತ್ರದ ವೃತ್ತಿ), ಕವಚ ಹಾಕಿಕೊಂಡೇ ಮಂತ್ರವನ್ನೂ ಹಾಕಬಹುದು. ಹಿಟ್ ಪಾಯಿಂಟ್‌ಗೆ ಡಿ6. ಬಲ 6 ಇರುವುದರಿಂದ ಕತ್ತಿ ಬೀಸುವಾಗ ದಾಳದಿಂದ ಒಂದು ಕಳೆಯಬೇಕು, ಬಿದ್ದ ಪೆಟ್ಟಿನಿಂದಲೂ ಒಂದು. ಎರಡನೆಯ ಲೆವೆಲ್‌ಗೆ 4000 ಬೇಕು. ಮ್ಯಾಜಿಕ್ ಯೂಸರ್ ಆದರೆ 2500, ಬುದ್ಧಿ 13ಕ್ಕೆ ಶೇ. 5 ಹೆಚ್ಚುವರಿಯೂ ಸಿಗುತ್ತದೆ, ಆದರೆ ಹಿಟ್ ಪಾಯಿಂಟ್ ಡಿ4 ಮತ್ತು ಮೈಮೇಲೆ ಬರೀ ಬಟ್ಟೆ. ನಾನಾಗಿದ್ದರೆ ಎಲ್ಫ್. ಸಾಮಾನು ಕೊಳ್ಳುವಾಗ ಹತ್ತಡಿ ಕೋಲನ್ನು ಮೊದಲು ಬರೆದುಕೊಳ್ಳಿ, ಬೆಲೆ ಒಂದೇ ನಾಣ್ಯ.